ಮಾವನ ಯುರೋಪ್ ಟ್ರಯಲ್

ನಮ್ಮ ಸೋದರಮಾವ ಸಾಯುವುದಿದ್ದರೂ ಮೊದಲು ಒಂದು ಸಲ ಟ್ರಯಲ್ ನೋಡಿಯೇ ಸಾಯುವವರು. ಸರಿಬಂದರೆ ಮುಂದುವರಿಯುತ್ತಾರೆ. ಇಲ್ಲವಾದರೆ ಎದ್ದು ಕುಳಿತು, "ಇದು ನಮಗ ಆಗಿಬರಂಗಿಲ್ಲ ಬಿಡ್ರಿ" ಎಂದು ಚಹಾ ಕೇಳುತ್ತಾರೆ. ನಾನು ಹೀಗೆ ಬರೆದದ್ದು ಅವರ ಕಿವಿಗೆ ಬಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿರಾ? ಇಲ್ಲ. "ಅದನ್ನ ಹೆಂಗ ಟ್ರಯಲ್ ಮಾಡ್ತಾರ ತಂಗಿ?" ಎಂದು ವಿಧಾನ ಕೇಳಿಯಾರು.

ಹೊಸ ಚಪ್ಪಲಿ ಕೊಳ್ಳುವಾಗ ಎಲ್ಲರೂ ಅಂಗಡಿಯೊಳಗೆ ನಾಲ್ಕು ಹೆಜ್ಜೆ ಹಾಕುತ್ತಾರೆ. ನಮ್ಮ ಮಾವ ಅದನ್ನು ಮೆಟ್ಟಿಕೊಂಡು ಶಿರಾಳಕೊಪ್ಪದ ಸಂತೆಯನ್ನೆಲ್ಲ ಸುತ್ತಿ, ಈರುಳ್ಳಿ ಕೊಂಡು, ಗುರುತಿನವರ ಜೊತೆ ಮಂಡಕ್ಕಿ ತಿಂದು, ವಾಪಸ್ಸು ಬಂದು, "ಎಡಗಾಲಿಂದು ಒಂಚೂರು ಕಚ್ತತಿ" ಅನ್ನುತ್ತಾರೆ. ನನ್ನ ಮದುವೆ ಸೊರಬದಲ್ಲಿ ನಡೆಯಿತು. ಹಿಂದಿನ ದಿನವೇ ಬಂದಿಳಿದ ಮಾವ ಅಡುಗೆಯವರ ಎದುರು ಎಲೆ ಹಾಸಿಕೊಂಡು ಕೂತು, ಹೋಳಿಗೆಯನ್ನು ಬಿಸಿಯಿದ್ದಾಗ ಒಮ್ಮೆ, ಆರಿದ ಮೇಲೆ ಒಮ್ಮೆ, ತುಪ್ಪ ಹಾಕಿ ಒಮ್ಮೆ, ಹಾಲು ಹಾಕಿ ಒಮ್ಮೆ ತಿಂದು ಪಾಸು ಮಾಡಿದರು. ಮದುವೆಯ ದಿನ ಅಷ್ಟು ಜನರಲ್ಲಿ ಬರೀ ಮಜ್ಜಿಗೆ ಕುಡಿದು ಎದ್ದವರು ಅವರೊಬ್ಬರೇ.

ತಾಳಿ ಕಟ್ಟಿ ಮೊದಲ ಪಂಕ್ತಿ ಎದ್ದದ್ದೇ ತಡ ಮಾವ ಬಸ್ಸು ಹತ್ತಿದರು. ಯಾಕೆಂದರೆ ಅತ್ತೆ ಇನ್ನೂ ಊರಿನಿಂದ ಬರಬೇಕಿತ್ತು. ಅಂಜನಾಪುರದ ಹತ್ತಿರದ ಅವರ ಮನೆಯಲ್ಲಿ ಹೊಲದ ಜೊತೆಗೆ ಕುರಿಗಳಿವೆ. ಕುರಿಯಿದ್ದ ಮನೆಗೆ ಹೊತ್ತುಗಟ್ಟಲೆ ಬೀಗ ಹಾಕುವಂತಿಲ್ಲ. ಮದುವೆಯಿರಲಿ, ಮಣ್ಣಿರಲಿ, ಒಬ್ಬರು ಹೋದರೆ ಇನ್ನೊಬ್ಬರು ದೊಡ್ಡಿ ಕಾಯಬೇಕು. ಅವತ್ತು ಇಬ್ಬರೂ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರಂತೆ. ಅತ್ತೆ ಬೀಗದ ಕೈ ಕೊಟ್ಟು, "ಊಟ ಹೇಗದೆ?" ಎಂದು ಕೇಳಿದರೆ, ಮಾವ, "ನಿನ್ನಿ ಉಂಡಿದ್ದೆ, ಚಲೋ ಇತ್ತು" ಅಂದರಂತೆ. ಅಷ್ಟೇ ಮಾತು. ಅವರು ಆ ಬಸ್ಸಿಗೆ, ಇವರು ಈ ಬಸ್ಸಿಗೆ. ನಮ್ಮ ಬಳಗದ ಯಾವ ಮದುವೆಯ ಆಲ್ಬಮ್ ತೆಗೆದರೂ ಈ ಗಂಡ ಹೆಂಡತಿ ಒಂದೇ ಫೋಟೋದಲ್ಲಿ ಸಿಗುವುದಿಲ್ಲ.

ಇಂಥ ಮನೆಯೊಳಗೆ ಯುರೋಪು ಕಾಲಿಟ್ಟದ್ದು ಅತ್ತೆಯ ಮೊಬೈಲಿನ ಮೂಲಕ. ಯಾರೋ ಒಂದು ವಿಡಿಯೋ ಕಳಿಸಿದ್ದರು. ಹಸಿರು ಗುಡ್ಡ, ನುಣ್ಣನೆಯ ರಸ್ತೆ, ರಸ್ತೆಗೆ ಅಡ್ಡಲಾಗಿ ಒಂದು ಕುರಿಹಿಂಡು. ಎರಡೂ ಕಡೆ ಕಾರುಗಳು ಸಾಲಾಗಿ ನಿಂತಿವೆ, ಒಬ್ಬನಾದರೂ ಹಾರ್ನ್ ಹೊಡೆಯುತ್ತಿಲ್ಲ. ಅತ್ತೆ ಅದನ್ನು ಮತ್ತೆ ಮತ್ತೆ ನೋಡಿ, "ಕುರಿ ಬಂದ್ರೆ ಕಾರು ನಿಲ್ಲಿಸ್ತಾರಲ್ರೀ. ಅಂಥ ಊರು ಒಂದ್ಸಲ ನೋಡ್ಬೇಕು. ಇಬ್ರೂ ಒಟ್ಟಿಗೆ ಹೋಗಿ ನೋಡ್ಬೇಕು" ಅಂದರು. ಮದುವೆಯಾದಂದಿನಿಂದ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ ಇರಬೇಕು. ಅದು ಶುಂಠಿ ಬೆಳೆ ಕೈಹಿಡಿದ ವರ್ಷ. ಮಾವ ತಕ್ಷಣ, "ನಡಿ, ಹೋಗೂಣು" ಎಂದುಬಿಟ್ಟರು. ನಾನು ಸೊರಬದಿಂದ ಲ್ಯಾಪ್‌ಟಾಪು ಹೊತ್ತುಕೊಂಡು ಓಡಿದೆ.

ಹೋಗುವುದೇನೋ ಸರಿ, ಹೇಗೆ ಹೋಗುವುದು? ಅಲ್ಲಿ ಶುರುವಾಯಿತು ನೋಡಿ ರಾಮಾಯಣ.

"ಅಲ್ಲಿ ಕಾರು ಬಾಡಿಗಿಗೆ ಕೊಡ್ತಾರಂತ. ನಾನಾ ಹೊಡಿತೀನಿ. ಮನಸ್ ಬಂದಲ್ಲಿ ನಿಲ್ಸೂದು, ಬ್ಯಾಡಾದಲ್ಲಿ ಬಿಡೂದು" ಎಂದರು ಮಾವ.

"ಬೇಡ ಮಾರಾಯ್ರೆ. ಟೂರಿನವ್ರು ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ. ಬಸ್ಸಲ್ಲೇ ಎಲ್ಲಾ ತೋರಿಸ್ತಾರೆ" ಎಂದರು ಅತ್ತೆ.

"ಒಬ್ಬಾವ ಬಾವುಟ ಹಿಡ್ಕೊಂಡು ಮುಂದ ಹೋಗೂದು, ನಾವು ಹಿಂದ ಮ್ಯಾ ಮ್ಯಾ ಅನ್ಕೊಂತ ಹೋಗೂದು. ನಾವೇನು ಕುರಿನಾ?"

"ಕುರಿಗೆ ಏನು ಕಮ್ಮಿಯಾಗಿದೆ? ಹೊತ್ತೊತ್ತಿಗೆ ಮೇವು, ನೀರು, ಹಿಂದೆ ಕಾಯೋಕೆ ಒಬ್ಬ. ದಿನಾ ಸಂಜೆ ಕುರಿ ಎಣಿಸಿ ಒಳಗೆ ಹಾಕೋಳು ನಾನು. ಒಂದ್ಸಲನಾದ್ರೂ ನನ್ನ ಯಾರಾದ್ರೂ ಎಣಿಸ್ಲಿ."

ನಾನು ಮೊದಲು ನಕ್ಕೆ. ಆಮೇಲೆ ಅತ್ತೆ ನಗುತ್ತಿಲ್ಲ ಎಂಬುದನ್ನು ಕಂಡು ನಗು ನಿಲ್ಲಿಸಿದೆ. ಈ ಹಗ್ಗಜಗ್ಗಾಟದಲ್ಲಿ ಪ್ರವಾಸವೇ ನಿಂತುಹೋದೀತು ಎಂದು ನನಗೆ ಹೆದರಿಕೆ. ಈ ಸಲ ತಪ್ಪಿತೆಂದರೆ ಇವರಿಬ್ಬರೂ ಒಟ್ಟಿಗೆ ಹೊಸಿಲು ದಾಟುವುದು ಈ ಜನ್ಮದಲ್ಲಿ ಇಲ್ಲ. ಮಾವ ಮಾತ್ರ ನಿಶ್ಚಿಂತೆಯಿಂದ, "ಎರಡೂ ಟ್ರಯಲ್ ಮಾಡಿ ನೋಡೂಣು" ಅಂದರು.

ಮೊದಲ ಟ್ರಯಲ್ ಕಾರಿನದು. ಯುರೋಪಿನಲ್ಲಿ ಸ್ಟೀರಿಂಗ್ ಎಡಕ್ಕಿರುತ್ತದೆ, ಗಾಡಿ ಬಲಕ್ಕೆ ಹೋಗುತ್ತದೆ ಎಂದು ನಾನೇ ಬಾಯಿತಪ್ಪಿ ಹೇಳಿದ್ದೆ. ಮಾವ ತಮ್ಮ ಕಾರಿನ ಸ್ಟೀರಿಂಗ್ ಹಿಂದೆ ನನ್ನನ್ನು ಕೂರಿಸಿ, ತಾವು ಎಡಗಡೆ ಕೂತು, ಅಡುಗೆಮನೆಯ ದೊಡ್ಡ ಸ್ಟೀಲ್ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ತಿರುಗಿಸಿದಾಗ ಅವರೂ ತಟ್ಟೆ ತಿರುಗಿಸುವುದು, ನಾನು ಬ್ರೇಕ್ ಹಾಕಿದಾಗ ಅವರೂ ಕಾಲು ಒತ್ತುವುದು. ಹೀಗೆ ಶಿರಾಳಕೊಪ್ಪದ ಸರ್ಕಲ್ ದಾಟಿದೆವು. ಜನ ನನ್ನನ್ನು ಬಿಟ್ಟು ತಟ್ಟೆಯನ್ನೇ ನೋಡುತ್ತಿದ್ದರು. "ಊಟಕ್ಕ ಹೊಂಟೀರೇನ್ರಿ?" ಎಂದು ಒಬ್ಬರು ಕೇಳಿಯೂ ಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಎರಡನೆಯ ದಿನ ಬಲಕ್ಕೆ ಹೋಗುವ ಅಭ್ಯಾಸ. ಕಾಲುವೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಮಾವ ಸ್ವತಃ ಗಾಡಿ ಹೊಡೆದರು. ಎದುರಿಗೆ ಹುಲ್ಲು ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಎರಡೂ ಮುಖಾಮುಖಿ ನಿಂತವು.

"ಯಾಕ್ರೀ ಕಾಕಾ, ಈ ಕಡಿ ಬಂದೀರಿ?" ಎಂದ ಟ್ರ್ಯಾಕ್ಟರಿನವನು.

"ನಾನು ಯುರೋಪಿನ್ಯಾಗ ಅದೀನಪ" ಎಂದರು ಮಾವ.

"ನಾನು ಶಿಕಾರಿಪುರ ತಾಲೂಕಿನ್ಯಾಗ ಅದೀನ್ರಿ. ಒಂಚೂರು ಸರ್ಕೊಳ್ರಿ."

ಮಾವ ಸರಿದರು. ಸರಿದ ರಭಸಕ್ಕೆ ಮುಂದಿನ ಚಕ್ರ ಕಾಲುವೆಯೊಳಗೆ ಇಳಿಯಿತು. ಅದೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಮೇಲೆತ್ತಿ ಗ್ಯಾರೇಜಿಗೆ ಕಳಿಸಿದ್ದಾಯಿತು. ಅತ್ತೆ ಬೈಯಲಿಲ್ಲ. "ಯುರೋಪಲ್ಲಿ ಎಳೆಯೋಕೆ ಟ್ರ್ಯಾಕ್ಟರ್ ಸಿಗ್ತದಾ ನೋಡು ಮಾರಾಯ್ತಿ, ನಿನ್ನ ಲ್ಯಾಪ್‌ಟಾಪಲ್ಲಿ" ಎಂದರು ಅಷ್ಟೆ.

ಇನ್ನು ಟೂರಿನ ಟ್ರಯಲ್. ಅಕ್ಕಪಕ್ಕದವರನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿಕೊಂಡು ಗುಡವಿಯ ಕೆರೆಗೆ ಹಕ್ಕಿ ನೋಡಲು ಹೊರಟದ್ದು. ಟೂರು ಬೇಕೆಂದ ಅತ್ತೆ ಕುರಿ ಕಾಯುತ್ತ ಮನೆಯಲ್ಲಿ, ಬೇಡವೆಂದ ಮಾವ ಟೆಂಪೋದಲ್ಲಿ! ನಾನು ಸೊರಬದಲ್ಲಿ ಹತ್ತಿಕೊಂಡೆ. ಗೈಡ್ ಆಗಿ ಬಂದವರು ಊರಿನ ನಿವೃತ್ತ ಡ್ರಿಲ್ ಮೇಷ್ಟ್ರು. ಕೋಲಿಗೆ ಕೆಂಪು ಟವೆಲ್ ಕಟ್ಟಿದ್ದರು, ಕೊರಳಲ್ಲಿ ಸೀಟಿ ಇತ್ತು. ನಿಯಮಗಳನ್ನು ಮಾಡಿದವರು ಮಾವ. "ಹೇಳಿದ ಹೊತ್ತಿಗೆ ಬರಲಾರದವ್ರನ್ನ ಮುಲಾಜಿಲ್ಲದಂಗ ಬಿಟ್ಟು ಹೊರಡೂದು. ಫಾರಿನ್ನಿನಾಗ ಹಂಗಾ ಮಾಡ್ತಾರ."

ಕೆರೆಯ ದಡದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಲು ಮೇಷ್ಟ್ರು ಒಮ್ಮೆ ಸೀಟಿ ಊದಿದರು. ಮರದ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಬಂದವರು ಖಾಲಿ ಮರಗಳನ್ನು ನೋಡಿ ಚೆನ್ನಾಗಿದೆ ಎಂದರು. ಹೊರಡುವ ಹೊತ್ತಿಗೆ ಮೇಷ್ಟ್ರು ತಲೆ ಎಣಿಸಿದರೆ ಒಂದು ಕಡಿಮೆ. ಮಾವನೇ ಇಲ್ಲ! ಕೆರೆಯ ಆಚೆ ಯಾರದೋ ಕುರಿ ಕಂಡು, ಅದರ ಗೊರಸು ಪರೀಕ್ಷೆ ಮಾಡಲು ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಗಾಬರಿಯಿಂದ ಅತ್ತೆಗೆ ಫೋನ್ ಮಾಡಿದೆ.

"ಒಂದು ತಪ್ಪಿಸ್ಕೊಂಡ್ರೆ ಹಿಂಡೆಲ್ಲಾ ನಿಲ್ಲಿಸೋಕಾಗ್ತದಾ? ಹೊಟ್ಟೆ ಹಸಿದ್ರೆ ಅದೇ ಬರ್ತದೆ, ನೀವು ಹೊರಡಿ" ಎಂದರು ಅತ್ತೆ.

ಮೇಷ್ಟ್ರಿಗೆ ಅಷ್ಟು ಸಾಕಾಯಿತು, ಸೀಟಿ ಊದಿ ಟೆಂಪೋ ಹೊರಡಿಸಿದರು. ಮಾವ ಸಿಕ್ಕ ಗಾಡಿಗಳನ್ನು ಹತ್ತಿಳಿದು ಕತ್ತಲಾಗುವ ಮುಂಚೆ ಮನೆ ಸೇರಿದರು. "ಎಣಿಸಿದ್ರಾ?" ಎಂದು ಅತ್ತೆ ಕೇಳಿದ್ದಕ್ಕೆ, "ಎಣಿಸಿದ್ರು, ಎಣಿಸೇ ಬಿಟ್ಟುಹೋದ್ರು" ಎಂದರಂತೆ.

ಕಾರೂ ಫೇಲು, ಟೂರೂ ಫೇಲು. ಮಾವನ ಶಾಸ್ತ್ರದ ಪ್ರಕಾರ ಟ್ರಯಲ್ಲಿನಲ್ಲಿ ಬಿದ್ದದ್ದು ಮುಂದಕ್ಕೆ ಹೋಗುವಂತಿಲ್ಲ. ಅತ್ತೆ ಮೊಬೈಲ್ ವಿಡಿಯೋ ನೋಡುವುದನ್ನು ಬಿಟ್ಟರು. "ಮುಂದಿನ ವರ್ಷ ನೋಡಿದ್ರಾಯ್ತು ಬಿಡು" ಎಂದು ನನಗೇ ಸಮಾಧಾನ ಹೇಳಿದರು. ನನಗೆ ಸಿಟ್ಟು ಬಂತು. "ನಾಳೆ ಇಬ್ಬರೂ ನನ್ನ ಜೊತೆ ಶಿವಮೊಗ್ಗಕ್ಕೆ ಬನ್ನಿ. ಪ್ರವಾಸದ ಆಫೀಸಿನಲ್ಲಿ ಕೂತು ಇವತ್ತಿಲ್ಲದಿದ್ದರೆ ಎಂದೂ ಇಲ್ಲ ಅಂತ ತೀರ್ಮಾನ ಮಾಡೋಣ. ಕುರಿ ನಮ್ಮವರು ನೋಡಿಕೊಳ್ತಾರೆ" ಎಂದೆ.

ನಮ್ಮವರೆಂದರೆ ನನ್ನ ಗಂಡ, ಸೊರಬದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. "ಕುರಿ ಕಾಯಾಕ ತೋಳನ್ನ ಬಿಟ್ಟಂಗಾತು" ಎಂದರು ಮಾವ. ಆಮೇಲೆ ಯೋಚಿಸಿ, "ತೋಳ ಆದ್ರೂ ಚಿಂತಿಲ್ಲ, ಅದಕ್ಕ ಕುರಿ ಯಾವ್ದು ಅಂತಾದ್ರೂ ಗೊತ್ತಿರ್ತತಿ" ಅಂದರು. ಆ ಸಂಜೆಯೇ ಸೊರಬದಿಂದ ಬಂದಿಳಿದ ನಮ್ಮವರಿಗೂ ಟ್ರಯಲ್ ಆಯಿತು. ಹಿಂಡು ಹೊಡೆದುಕೊಂಡು ಬಂದು ಎಣಿಸಿದರೆ ಕುರಿ ಹೆಚ್ಚಾಗಿದ್ದವು. ಪಕ್ಕದ ಮನೆಯವರು ಹುಡುಕಿಕೊಂಡು ಬಂದು ತಮ್ಮವನ್ನು ಬಿಡಿಸಿಕೊಂಡರು. "ಕಮ್ಮಿ ಮಾಡ್ಕೊಂಡು ಬರ್ಲಿಲ್ಲಲ್ಲ, ಪಾಸು" ಎಂದು ಅತ್ತೆಯೇ ತೀರ್ಪು ಕೊಟ್ಟರು.

ಕಾರು ಇನ್ನೂ ಗ್ಯಾರೇಜಿನಲ್ಲಿದ್ದ ಕಾರಣ ಮರುದಿನ ಬಸ್ಸಿನಲ್ಲೇ ಹೊರಟೆವು. ಅತ್ತೆ, ನಾನು ಒಂದು ಸೀಟಿನಲ್ಲಿ ಕೂತೆವು. ಮಾವ ಡ್ರೈವರ್ ಬೆನ್ನ ಹಿಂದೆ ಕಂಬ ಹಿಡಿದು ನಿಂತು, "ಗೇರ್ ಬದ್ಲಿಸಪ, ಉಬ್ಬು ಬಂತು" ಎಂದು ಗಾಡಿ ಹೊಡೆಸುತ್ತಿದ್ದರು. ಆ ಡ್ರೈವರನ ಮೇಲಿನ ಕನಿಕರದಿಂದಲೋ ಏನೋ, ನಾನು ಎದ್ದೆ. "ಮಾವ, ನನಗೆ ಹೊಟ್ಟೆ ತೊಳಸ್ತಾ ಇದೆ, ಮುಂದೆ ಗಾಳಿಗೆ ಕೂರ್ತೀನಿ. ನೀವಿಲ್ಲಿ ಕೂತ್ಕೊಳ್ಳಿ" ಎಂದು ಸುಳ್ಳು ಹೇಳಿ ಮುಂದೆ ಹೋದೆ.

ಮೊದಲು ಇಬ್ಬರೂ ಪರಿಚಯವಿಲ್ಲದವರಂತೆ ಕೂತರು. ಮಾವನ ತೊಡೆಯ ಮೇಲೆ ಚೀಲ, ಅತ್ತೆಯ ಮುಖ ಕಿಟಕಿಯ ಕಡೆ. ಸ್ವಲ್ಪ ಹೊತ್ತಿಗೆ ಅತ್ತೆ ಹೊರಗೆ ಏನನ್ನೋ ತೋರಿಸಿದರು. ಮಾವ ಬಗ್ಗಿ ನೋಡಿದರು. ಇನ್ನೊಂದನ್ನು ತೋರಿಸಿದರು, ಮಾವ ಮತ್ತೆ ಬಗ್ಗಿದರು. ಜೋಳದ ಹೊಲ, ಯಾರದೋ ಹೊಸ ಮನೆ, ದಾರಿಬದಿಯ ಎಮ್ಮೆ, ಇಬ್ಬರೂ ದಿನಾ ನೋಡುವಂಥವೇ. ಆದರೆ ಒಂದೇ ಕಿಟಕಿಯಲ್ಲಿ ಒಟ್ಟಿಗೆ ನೋಡಿದ್ದು ಅವತ್ತೇ ಮೊದಲು. ಹಾಗೇ ಅತ್ತೆಗೆ ನಿದ್ದೆ ಹತ್ತಿ ತಲೆ ಮಾವನ ಹೆಗಲಿಗೆ ವಾಲಿತು. ಡ್ರೈವರ್ ಉಬ್ಬಿನ ಮೇಲೆ ಬಸ್ಸನ್ನು ಎತ್ತಿಹಾಕಿದ. ಮಾವ ತುಟಿ ಬಿಚ್ಚಲಿಲ್ಲ. ಶಿವಮೊಗ್ಗದಲ್ಲಿ ಬಸ್ಸು ಖಾಲಿಯಾಗಿ ಕಂಡಕ್ಟರ್ ಹತ್ತಿರ ಬಂದಾಗ, "ಒಂಚೂರು ತಡಿಯಪ, ಈಗಾದ್ರೂ ಕಣ್ಣು ಮುಚ್ಚ್ಯಾಳ" ಎಂದು ಪಿಸುಗುಟ್ಟಿದರು. ನಾನು ಬಸ್ಸಿನಿಂದ ಇಳಿದು ನಿಂತೆ.

ಆಫೀಸಿನಲ್ಲಿದ್ದ ಹುಡುಗಿ, "ಬಾಡಿಗೆ ಕಾರಾ ಸರ್, ಗ್ರೂಪ್ ಟೂರಾ?" ಎಂದು ಕೇಳಿದಳು.

"ಬಸ್ಸಿಂದಾ ಬರ್ಕೊ ತಂಗಿ" ಎಂದರು ಮಾವ.

ಅತ್ತೆ ತಿರುಗಿ ಅವರ ಮುಖವನ್ನೇ ನೋಡಿದರು. "ಟೂರು ಬೇಡ ಅಂತಿದ್ರಲ್ಲ? ಕಾರು ಹೊಡಿಬೇಕು ಅಂತಿದ್ರಲ್ಲ?"

"ಕಾರು ಹೊಡದ್ರ ನಾನು ರಸ್ತೆ ನೋಡ್ಕೊಂತ ಇರಬೇಕಾಗ್ತತಿ" ಎಂದ ಮಾವ ಹುಡುಗಿಯ ಕಡೆ ಬಗ್ಗಿ, "ಎಲ್ಲಿ ಕೂರಿಸಿದ್ರೂ ಅಡ್ಡಿಲ್ಲ, ಎರಡೂ ಸೀಟು ಒಂದಕ್ಕೊಂದು ಹತ್ತಿಕೊಂಡಾ ಇರ್ಬೇಕು" ಎಂದರು.

"ಕಿಟಕಿ ಪಕ್ಕ ಯಾರಿಗೆ ಸರ್?"

"ಆಕಿಗೆ. ಆಕಿ ಏನ್ ತೋರಿಸ್ತಾಳ, ನಾ ಅದನ್ನ ನೋಡ್ತೀನಿ."