ಗೋಡೆಯ ಮೇಲಿಂದ ನನ್ನ ಮುಖ ಇಳಿಸುವ ಕುರಿತು

ನಾಗರಿಕ ಸನ್ನಡತೆ ಪ್ರಚಾರ ವಿಭಾಗದ ಮಾನ್ಯ ಗೋಪಿನಾಥ ಸಾಹೇಬರ ಸನ್ನಿಧಾನಕ್ಕೆ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಗನ ಜೊತೆ ಇರುವ ರತ್ನಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿರುವುದರಿಂದ ಸಾಷ್ಟಾಂಗವನ್ನು ಕಾಗದದಲ್ಲೇ ಸ್ವೀಕರಿಸಬೇಕು.

ಮಾನ್ಯರೇ, ನಮ್ಮ ಮಾರ್ಕೆಟ್ಟಿನ ಹಿಂದಿನ ಗೋಡೆಗೆ ಗಂಡಸರು ಉಚ್ಚೆ ಹೊಯ್ಯುವುದನ್ನು ಬಿಡಿಸಲು ತಾವು ಮೊದಲು ದೇವರ ಚಿತ್ರದ ಟೈಲ್ಸ್ ಹಚ್ಚಿಸಿದಿರಿ. ಅವರು ಭಕ್ತಿಯಿಂದ ಎರಡು ಮಾರು ಪಕ್ಕಕ್ಕೆ ಸರಿದು ನಿಂತರು. ಆಮೇಲೆ ಜಾಹೀರಾತಿನವರನ್ನು ಕರೆಸಿ, ಜನ ದೇವರಿಗಿಂತ ಮನೆಯ ಅಜ್ಜಿಗೆ ಹೆಚ್ಚು ಹೆದರುತ್ತಾರೆಂಬ ಘನವಾದ ಸತ್ಯ ಕಂಡುಹಿಡಿದು, ನಮ್ಮ ಮನೆಗೆ ದಯಮಾಡಿಸಿ, ನನ್ನ ಕೈಯ ಕಾಫಿ ಕುಡಿದು, "ಅಮ್ಮಾ, ಸಮಾಜಕ್ಕೋಸ್ಕರ ಒಂದೇ ಒಂದು ಫೋಟೋ" ಎಂದು ಕನ್ನಡದಲ್ಲೇ ಕೇಳಿದಿರಿ. ದಿಲ್ಲಿಯಲ್ಲಿ ಯಾರಾದರೂ ಕನ್ನಡ ಆಡಿದರೆ ನನ್ನ ಬುದ್ಧಿ ರಜೆ ಹಾಕುತ್ತದೆ, ಒಪ್ಪಿಬಿಟ್ಟೆ.

ರೇಷ್ಮೆ ಸೀರೆ ಉಟ್ಟು ನಗುತ್ತಾ ಕೂತದ್ದು ತಮಗೆ ಹಿಡಿಸಲಿಲ್ಲ. ತರಕಾರಿ ಭಯ್ಯಾ ಪುಕ್ಕಟೆ ಕೊತ್ತಂಬರಿ ಹಾಕಲು ಒಲ್ಲೆ ಎಂದಾಗ ನಾನು ಅವನನ್ನು ನುಂಗುವ ಹಾಗೆ ನೋಡಿದೆನಲ್ಲ, ಆ ನೋಟವನ್ನು ತಮ್ಮ ಕ್ಯಾಮೆರಾದವನು ಹಿಡಿದ. ಅದೇ ಈಗ ಬಾಗಿಲಷ್ಟು ದೊಡ್ಡ ಬೋರ್ಡಾಗಿ ಗೋಡೆಯ ಮೇಲಿದೆ. ಕೆಳಗೆ ಹಿಂದಿಯಲ್ಲಿ, "ಅಜ್ಜಿ ನೋಡುತ್ತಿದ್ದಾಳೆ" ಎಂದು ಬರೆಸಿದ್ದೀರಿ. ಮೂರನೇ ಕ್ಲಾಸು ದಾಟದ ನನಗೂ ಹೊಳೆಯುವ ಪ್ರಶ್ನೆ: ಏನನ್ನು ನೋಡುತ್ತಿದ್ದಾಳೆ, ಸ್ವಾಮೀ?

ಜನರ ನಡತೆ ಬದಲಾಗಿಲ್ಲ ಎಂದರೆ ನನ್ನ ನಾಲಗೆಗೆ ಹುಳ ಬೀಳಲಿ. ಮೊದಲು ಹೇಳದೆ ಕೇಳದೆ ನಿಲ್ಲುತ್ತಿದ್ದವರು ಈಗ "ನಮಸ್ತೇ ದಾದೀಜಿ" ಎಂದು ಅಜ್ಜಿಗೆ ಕೈಮುಗಿದು, "ಬಸ್, ಏಕ್ ಮಿನಿಟ್" ಎಂದು ಅಪ್ಪಣೆ ಬೇಡಿ ನಿಲ್ಲುತ್ತಾರೆ. ಇಷ್ಟು ಸಂಸ್ಕಾರವನ್ನು ಸ್ವಂತ ಮೊಮ್ಮಕ್ಕಳಿಗೆ ಕಲಿಸಲು ನನ್ನ ಕೈಲಾಗಲಿಲ್ಲ.

ತೊಂದರೆಯೆಂದರೆ, ಬರುವ ಭಾನುವಾರ ನನ್ನ ಮೊಮ್ಮಗಳು ಅಮೂಲ್ಯಳನ್ನು ನೋಡಲು ಪೀತಮ್‌ಪುರದಿಂದ ಇಂದುಶೇಖರ ಅವರ ಮನೆಯವರು ಬರುತ್ತಿದ್ದಾರೆ. ಮೆಟ್ರೋದಲ್ಲಿ ಕಂಡು ಅವರ ಮಗನನ್ನು ಅವಳೇ ಮೆಚ್ಚಿಕೊಂಡಿದ್ದಾಳೆ. ಇದು ಮುರಿದರೆ ನನ್ನ ಜೊತೆ ಮಾತು ಬಿಡುತ್ತಾಳಂತೆ. ನಮ್ಮ ಮನೆಗೆ ಬರುವ ದಾರಿ ಆ ಗೋಡೆಯ ಮುಂದೆಯೇ. ಹುಡುಗನ ತಾಯಿ ಮೊನ್ನೆ ಫೋನಿನಲ್ಲಿ, "ಆಟೋದವರೆಲ್ಲ ದಾದಿ ಗೋಡೆ ಅಂತಾರಲ್ಲ, ಅಲ್ಲೇನಾ ನಿಮ್ಮನೆ? ಯಾರ್ರೀ ಪಾಪ ಆ ಮುದುಕಿ?" ಎಂದು ಕೇಳಿದರು. ನಾನು ಹಲೋ ಹಲೋ ಎಂದು ಕೂಗಿ, ಏನೂ ಕೇಳಿಸದವಳ ಹಾಗೆ ಇಟ್ಟುಬಿಟ್ಟೆ. ಗೋಡೆಯಲ್ಲಿ ಕಂಡವಳೇ ಬಾಗಿಲಲ್ಲೂ ಆರತಿ ಹಿಡಿದು ನಿಂತರೆ ಅವರು ಒಳಗೆ ಬರುತ್ತಾರೆಯೇ?

ಆದ್ದರಿಂದ ಶನಿವಾರದೊಳಗೆ ನನ್ನನ್ನು ಕೆಳಗಿಳಿಸಬೇಕೆಂದು ವಿನಂತಿ. ಆಗದಿದ್ದರೆ ಚಿತ್ರದ ಕೈಗೆ ಒಂದು ನಿಜವಾದ ಕೋಲು, ಬಾಯಿಗೆ ಒಂದು ಲೌಡ್‌ಸ್ಪೀಕರ್ ಮಂಜೂರು ಮಾಡಿ. ಬೈಗುಳಗಳನ್ನು ಸಮಾಜಕ್ಕೋಸ್ಕರ ನಾನೇ ರೆಕಾರ್ಡ್ ಮಾಡಿಕೊಡುತ್ತೇನೆ. ಅದೂ ಕಷ್ಟವಾದರೆ, ತಮ್ಮಂಥ ತಿಳಿದವರಿಗೆ ಹೇಳಲು ಸಂಕೋಚ, ಬಸ್‌ಸ್ಟಾಪಿನಿಂದ ಮಾರ್ಕೆಟ್ಟಿನವರೆಗೆ ಒಂದೂ ಶೌಚಾಲಯವಿಲ್ಲ. ಒಂದು ಕಟ್ಟಿಸಿ ನೋಡಿ. ಅಲ್ಲಿ ಯಾವ ಅಜ್ಜಿಯೂ ನೋಡುವ ಅಗತ್ಯ ಬೀಳಲಾರದು.

ಬಿಸಿಲು ಧೂಳೆನ್ನದೆ, ರೆಪ್ಪೆ ಬಡಿಯದೆ ಸೇವೆಯಲ್ಲಿರುವ
ತಮ್ಮ ವಿಶ್ವಾಸಿ,
ರತ್ನಮ್ಮ

ಮತ್ತೊಂದು ಮಾತು: ನಿನ್ನೆ ಯಾರೋ ಮರ್ಯಾದಸ್ಥರು ನನ್ನ ಕಣ್ಣು ಮುಚ್ಚುವ ಹಾಗೆ ಚಿತ್ರಕ್ಕೆ ಬಿಳಿ ಟವೆಲ್ ಇಳಿಬಿಟ್ಟು ಕೆಲಸ ಮುಗಿಸಿ ಹೋಗಿದ್ದಾರೆ. ಸಾಹೇಬರ ಕುರ್ಚಿಯ ಬೆನ್ನಿಗೆ ಹೊದಿಸುವಂಥ ಟವೆಲ್. ಮೂಲೆಯಲ್ಲಿ ತಮ್ಮ ವಿಭಾಗದ ಮುದ್ರೆಯಿದೆ. ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಬಂದು ಒಯ್ಯಬಹುದು, ಬರುವಾಗ ಬೋರ್ಡು ಬಿಚ್ಚುವ ಸ್ಕ್ರೂಡ್ರೈವರ್ ಮರೆಯಬಾರದು.