ಅಕೌಂಟ್ಸ್ ಪೇಪರಿಗೆ ಅಜ್ಜಿಯ ಕಾವಲು

ಮನೆಯಲ್ಲಿ ಒಬ್ಬರು ಓದಲು ಕೂತರೆ ಉಳಿದವರಿಗೆ ನಗಲು ಏನಾದರೊಂದು ಸಿಕ್ಕೇ ಸಿಗುತ್ತದೆ. ಮುಂಬಯಿಯ ಚೆಂಬೂರಿನ ನಮ್ಮ ಮನೆಯಲ್ಲಂತೂ ಈ ವರ್ಷ ಅದಕ್ಕೆ ಬರವಿರಲಿಲ್ಲ. ಬಿ.ಕಾಂ. ಓದುವ ಮಗಳು ಅಕೌಂಟ್ಸ್‌ನಲ್ಲಿ ಫೇಲಾಗಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಒಂದು ವರ್ಷ ಮನೆಯಲ್ಲೇ. "ಈ ಸಲ ಬಿಡೂದಿಲ್ಲ ಮಮ್ಮಿ, ದೇಖ್ ಲೇನಾ" ಎಂದು ಹಟ ತೊಟ್ಟಳು.

೧

ಮೊದಲ ದಿನ ಆಫೀಸಿನಿಂದ ಬಂದು ನೋಡಿದರೆ ಪುಸ್ತಕ ಮುಚ್ಚಿತ್ತು, ಫೋನು ತೆರೆದಿತ್ತು. ಮನಸ್ಸಿಟ್ಟು ಓದುವುದು ಹೇಗೆ ಎಂಬ ವಿಡಿಯೊ ನಡೆದಿತ್ತು.

"ಓದೂದ ಬಿಟ್ಟು ಏನ ಇದು?"

"ಪೆಹಲೇ ಟೆಕ್ನಿಕ್ ಕಲೀಬೇಕು ಮಮ್ಮಿ."

ಒಂದು ಮುಗಿದರೆ ಅದರ ಬೆನ್ನಿಗೇ ಇನ್ನೊಂದು. ಓದುವಾಗ ಫೋನು ದೂರ ಇಡಬೇಕು ಎಂದು ಕೊನೆಯದರಲ್ಲಿ ಹೇಳಿದರಂತೆ. ಅಷ್ಟು ತಿಳಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು.

೨

ಮರುದಿನ ಫೋನನ್ನು ಅಜ್ಜಿಯ ಕೈಗೆ ಕೊಟ್ಟು, "ನಾ ಅತ್ತರೂ ಕೊಡಬ್ಯಾಡ" ಎಂದಳು. ನಮ್ಮತ್ತೆ ವಿಜಯಪುರದವರು, ಕೊಟ್ಟ ಮಾತಿಗೆ ತಪ್ಪುವವರಲ್ಲ. ಸಂಜೆ ನಾನು ಬಂದಾಗ ಮಗಳು ಕಿವಿಗೆ ಹತ್ತಿ ತುರುಕಿಕೊಂಡು ಲೆಕ್ಕ ಮಾಡುತ್ತಿದ್ದಳು. ಪಕ್ಕದಲ್ಲೇ ಅತ್ತೆ ಜೋರಾಗಿ ರೀಲ್ಸ್ ಹಚ್ಚಿಕೊಂಡು ಕೂತಿದ್ದರು.

"ಅಜ್ಜಿ, ಆವಾಜ್ ಕಮ್ ಮಾಡು!"

"ನೀ ಓದವಾ. ನಾ ಫೋನ್ ಕಾಯಾಕತ್ತೀನಿ."

೩

ಒಬ್ಬಳೇ ಕೂತರೆ ನಿದ್ದೆ ಬರುತ್ತದೆಂದು ಮಗಳು ಬೇರೆ ದಾರಿ ಹಿಡಿದಳು. ಮಲಾಡಿನಲ್ಲಿರುವ ಸಹಪಾಠಿ, ನಮ್ಮ ಕಡೆಯವನೇ, ಅದೇ ಪೇಪರಿನಲ್ಲಿ ಫೇಲಾಗಿದ್ದ. ಸಂಜೆ ನಾನು ಬಂದ ಮೇಲೆ ನನ್ನ ಫೋನಿನಲ್ಲಿ ವಿಡಿಯೊ ಕಾಲ್ ಹಚ್ಚಿ, ಇಬ್ಬರೂ ಮಾತಾಡದೆ ಎದುರುಬದುರು ಓದುವುದು. ಯಾರು ಎದ್ದರೂ ಇನ್ನೊಬ್ಬರಿಗೆ ಗೊತ್ತಾಗಬೇಕು.

ಅತ್ತೆ ಒಳಗೆ ಬಂದರು. ಮೊಮ್ಮಗಳು ತಲೆ ತಗ್ಗಿಸಿ ಕೂತಿದ್ದಾಳೆ. ಫೋನಿನಲ್ಲಿ ಹುಡುಗ, ಅವನ ಹಿಂದೆ ಅವನ ತಾಯಿ ಇಣುಕುತ್ತಿದ್ದಾರೆ. ಹೆಣ್ಣು ನೋಡುವ ಶಾಸ್ತ್ರ ನಡೆದಿದೆ ಎಂದೇ ತಿಳಿದರು.

"ನನಗ ಹೇಳದ ಹೆಣ್ಣ ತೋರಸಾಕತ್ತೀಯೇನ?" ಎಂದು ನನ್ನ ಮೇಲೆ ಹರಿಹಾಯ್ದು, ಫೋನಿನತ್ತ ತಿರುಗಿದರು. "ಡಿಗ್ರಿ ಮುಗಿಯೂತನಕ ಹುಡುಗೀನ ಕೊಡಂಗಿಲ್ಲ! ನೀ ಏನ ಓದೀದಿ?"

ಹುಡುಗ ಗಾಬರಿಯಾಗಿ, "ಅಜ್ಜಿ, ನಾನು... ಫೇಲ್" ಎಂದ.

"ಫೇಲಾಗಿ ಹೆಣ್ಣ ನೋಡಾಕ ಬಂದಿ? ಮೊದಲ ಪಾಸಾಗು!"

ನಾನು ಡಿಗ್ರಿ ಓದುತ್ತಿದ್ದಾಗ ಅದನ್ನು ನಡುವೆಯೇ ಬಿಡಿಸಿ ಸೊಸೆ ಮಾಡಿಕೊಂಡವರು ಇವರೇ. ಆ ಮಾತು ಕೇಳಿ ನನಗೆ ನಗು, ಅಳು ಎರಡೂ ಬಂದವು. ಇದು ಹೆಣ್ಣು ನೋಡುವುದಲ್ಲ ಎಂದು ಎಷ್ಟು ತಿಳಿಹೇಳಿದರೂ ಅವರು ನಂಬಲಿಲ್ಲ. ದಿನಾ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಅವರಿಗೆ ಹೆದರಿ ಇಬ್ಬರೂ ಏಳದೆ ಓದಿದರು.

ಮಗಳು ಪಾಸಾದಳು. ಅತ್ತೆ ಅವಳ ಬಾಯಿಗೆ ಸಕ್ಕರೆ ಹಾಕುವಾಗಲೇ ಮಲಾಡಿನಿಂದ ವಿಡಿಯೊ ಕಾಲ್ ಬಂತು.

"ಅಜ್ಜಿ, ನಾನು ಭೀ ಪಾಸ್!"

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಛಲೋ ಆತು. ಈಗ ಹೇಳು, ರೊಟ್ಟಿ ಬಡಿಯಾಕ ಬರ್ತದೇನ?"