ಪಿನ್ನು ಬಿದ್ದ ಜಾಗ

ಮೊಬೈಲಿನ ಮ್ಯಾಪಿಗೆ ನಾನೊಂದು ಫೋಟೊ ಚುಚ್ಚಿದರೆ ಎಲ್ಲೋ ಒಬ್ಬರಿಗೆ ಫಜೀತಿ ಗ್ಯಾರಂಟಿ. ಇದು ಒಂದೆರಡು ಸಲ ಆಗಿ ನಿಂತಿದ್ದರೆ ಬರೆಯುತ್ತಿರಲಿಲ್ಲ.

ಚನ್ನಗಿರಿಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ನನಗೆ ಉಳಿದದ್ದು ಪಾಸ್‌ಪೋರ್ಟ್ ಸೈಜಿನ ಮುಖಗಳು ಮತ್ತು ಸುತ್ತಲ ತಾಲ್ಲೂಕುಗಳ ಮದುವೆಗಳು. ಮದುವೆಗೆ ಹೋದ ಊರಲ್ಲಿ ಮುಹೂರ್ತದವರೆಗೆ ಹೊತ್ತು ಹೋಗಬೇಕಲ್ಲ. ಕಂಡ ಅಂಗಡಿ, ಕೆರೆ, ಕಟ್ಟೆಗಳ ಫೋಟೊ ತೆಗೆದು, ಮ್ಯಾಪಿನಲ್ಲಿ ಅವು ಇರುವ ಜಾಗಕ್ಕೆ ಪಿನ್ನು ಹಾಕಿ ಸೇರಿಸುವ ಚಟ ಹತ್ತಿತು. ನಿಮ್ಮ ಫೋಟೊ ಇಷ್ಟು ಜನ ನೋಡಿದರು ಅಂತ ಆಗಾಗ ಒಂದು ಸಂದೇಶ ಬರುತ್ತದೆ. ಹೆಂಡತಿಗೆ ತೋರಿಸುತ್ತೇನೆ. ನೋಡಿದವರಲ್ಲಿ ಒಬ್ಬರಾದರೂ ಸ್ಟುಡಿಯೊ ಮೆಟ್ಟಿಲು ಹತ್ತಿದರಾ ಅಂತ ಕೇಳಿ ಅವಳು ಸಾರಿಗೆ ಒಗ್ಗರಣೆ ಹಾಕುತ್ತಾಳೆ.

೧. ಹೊಳೆಯೊಳಗಿನ ಖಾನಾವಳಿ

ಹೊನ್ನಾಳಿಯಲ್ಲಿ ಒಬ್ಬ ಹೆಣ್ಣುಮಗಳು, ಗಂಡ ಕೈ ಮುರಿದುಕೊಂಡು ಮನೆಯಲ್ಲಿ ಕೂತಾಗ, ಧೈರ್ಯ ಮಾಡಿ ಒಂದು ಖಾನಾವಳಿ ತೆರೆದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬಾಗಿಲ ಮೇಲೆ 'ಶುದ್ಧ ಸಸ್ಯಾಹಾರಿ' ಅಂತ ದೊಡ್ಡ ಅಕ್ಷರ. ಊಟ ರುಚಿಯಾಗಿತ್ತು, ಗಿರಾಕಿ ಇರಲಿಲ್ಲ. ಪಾಪ ಅನ್ನಿಸಿ ತಟ್ಟೆಯ ಫೋಟೊ ತೆಗೆದೆ, ವಾಪಸು ಬರುವ ಬಸ್ಸಿನಲ್ಲಿ ಕೂತು ಮ್ಯಾಪಿಗೆ ಹಾಕಿದೆ. ಆಗ ಬಸ್ಸು ಸೇತುವೆ ಮೇಲಿತ್ತು ಅನ್ನುವುದನ್ನು ನಾನು ಗಮನಿಸಲಿಲ್ಲ. ಪಿನ್ನು ತುಂಗಭದ್ರೆಯ ನಡುನೀರಿಗೆ ಬಿತ್ತು.

ಮುಂದಿನ ಭಾನುವಾರ ಕಾರಿನಲ್ಲಿ ಒಂದು ಕುಟುಂಬ ಬಂತು. ಸೇತುವೆ ಮೇಲೆ ಮೊಬೈಲು, ನೀವು ತಲುಪಿದ್ದೀರಿ ಅಂತು. ಅವರು ಇಳಿದು ಕೆಳಗೆ ನೋಡಿದರೆ ನೀರು, ನೀರಿನಲ್ಲಿ ತೆಪ್ಪ, ತೆಪ್ಪದಲ್ಲಿ ಮೀನು ಹಿಡಿಯುವವನು. ಇಲ್ಲಿ ಊಟ ಸಿಗುತ್ತದಂತಲ್ಲ ಎಂದು ಕೂಗಿ ಕೇಳಿದರು. ಊಟ ಇಲ್ಲ, ಮೀನು ಇದೆ ಅಂದ ಅವನು. ಬಂದದ್ದಕ್ಕೆ ಇರಲಿ ಅಂತ ಎರಡು ಮೀನು ಕೊಂಡರು. ಆಮೇಲೆ ಅವರಿವರನ್ನು ಕೇಳಿ ಖಾನಾವಳಿಯನ್ನೂ ಹುಡುಕಿದರು. ಹೇಗೂ ತಂದಿದ್ದೇವೆ, ಸ್ವಲ್ಪ ಹುರಿದುಕೊಡಿ ಅಂತ ಚೀಲವನ್ನು ಅವಳ ಅಡುಗೆಕಟ್ಟೆಯ ಮೇಲೇ ಇಟ್ಟರು.

ಸಂಜೆ ಅವಳ ಫೋನು ಬಂತು. ಬೈಗುಳಕ್ಕೆ ಸಿದ್ಧನಾದೆ. ಅವಳು ಮೆಲ್ಲಗೆ ಹೇಳಿದಳು: "ಅಣ್ಣಾ, ಗಿರಾಕಿ ಕಳ್ಸಿದ್ದು ಭಾಳ ಉಪಕಾರ ಆತು. ಆದ್ರೆ ಕಳ್ಸುವಾಗ ಕೈಯಾಗೆ ಮೀನು ಕೊಟ್ಟು ಕಳ್ಸಬ್ಯಾಡ."

೨. ಒಂದು ನಕ್ಷತ್ರ

ನನ್ನ ಸ್ಟುಡಿಯೊವನ್ನೂ ಮ್ಯಾಪಿಗೆ ಸೇರಿಸಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಯಾರೋ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟಿದ್ದಾರೆ. ಹೆಸರು ನೋಡಿದೆ. ನಮ್ಮದೇ ಬೀದಿಯ ಟೈಲರು, ಹಿಂದಿನ ವಾರ ಲೈಸೆನ್ಸಿಗೆ ಫೋಟೊ ತೆಗೆಸಿಕೊಂಡಿದ್ದ. ಮನಸ್ಸಿಗೆ ಬೇಜಾರಾಗಿ ಅವನ ಮನೆಗೇ ಹೋದೆ. ತಪ್ಪೇನಾಯಿತು ಅಂತ ಕೇಳಿದರೆ ತಲೆ ತಗ್ಗಿಸಿ ನಿಂತ.

"ಫೋಟೊ ಚೆನ್ನಾಗೇ ಬಂದೈತಣ್ಣ," ಅಂದ. "ನಾನು ಹಿಂಗೇ ಇದೀನಿ ಅಂತ ಗೊತ್ತಾತಲ್ಲ, ಆ ಬ್ಯಾಸರಕ್ಕೆ ಒತ್ತಿಬಿಟ್ಟೆ."

ಮರುದಿನ ನೋಡಿದರೆ ನಕ್ಷತ್ರ ಎರಡಾಗಿತ್ತು. ಇನ್ನೊಂದು ಯಾಕೆ ಅಂತ ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಮನೆತನಕ ನಡೆದು ಬಂದಿದ್ದೆಯಲ್ಲ, ಅದಕ್ಕೆ ಅಂದ.

೩. ಕರಡಿ ದರ್ಶನ

ಜಗಳೂರಿನ ಕಡೆ ಒಬ್ಬ ರೈತ, ಗುಡ್ಡದ ಬುಡದಲ್ಲಿ ದಾಳಿಂಬೆ ಹಾಕಿದ್ದ. ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು. ಹೋಗುವವರು ಬರುವವರು ಗಾಡಿ ನಿಲ್ಲಿಸಿ ಹಣ್ಣು ಕಿತ್ತುಕೊಳ್ಳುತ್ತಿದ್ದರು. ಒಂದು ಮದುವೆಯಲ್ಲಿ ನನ್ನ ಪಕ್ಕ ಊಟಕ್ಕೆ ಕೂತವನು, ನಿನ್ನ ಮ್ಯಾಪಿನಲ್ಲಿ ನನ್ನ ಹೊಲಕ್ಕೊಂದು ಕರಡಿ ಹಾಕಿಕೊಡು ಅಂದ. ಸುಳ್ಳು ಫೋಟೊ ಹಾಕುವುದಿಲ್ಲ ಅಂದೆ. ಅವನು ಒಂದು ತಗಡಿನ ಮೇಲೆ ತಾನೇ 'ಕರಡಿ ಇದೆ, ಎಚ್ಚರಿಕೆ' ಅಂತ ಬರೆದು ಬೇಲಿಗೆ ಕಟ್ಟಿದ. ಬೋರ್ಡು ನಿಜವಾದದ್ದೇ ತಾನೇ? ಅದರ ಫೋಟೊ ತೆಗೆದು ಹಾಕಿದೆ.

ಹಣ್ಣು ಕೀಳುವವರು ನಿಂತರು. ಬದಲಿಗೆ ಉದ್ದ ಮೂತಿಯ ಕ್ಯಾಮೆರಾ ಹಿಡಿದವರು ಬರತೊಡಗಿದರು. ಹಣ್ಣು ಮುಟ್ಟುತ್ತಿರಲಿಲ್ಲ, ಆದರೆ ಬದುವಿನ ಮೇಲೆ ಕೂತು, ಸದ್ದು ಮಾಡಬೇಡಿ ಅಂತ ಹೊಲದ ಯಜಮಾನನಿಗೇ ಹೇಳುತ್ತಿದ್ದರು. ಚಳಿಗಾಲದ ಒಂದು ಮುಂಜಾನೆ ಅವನು ತಲೆತುಂಬ ಕರಿ ಕಂಬಳಿ ಹೊದ್ದು, ಮಂಡಿಯೂರಿ, ಕಸ ಕಟ್ಟಿಕೊಂಡ ನೀರಿನ ಪೈಪನ್ನು ಬಾಯಿಂದ ಊದುತ್ತಿದ್ದ. ಮಧ್ಯಾಹ್ನದೊಳಗೆ ಮ್ಯಾಪಿನಲ್ಲಿ ನನ್ನ ಬೋರ್ಡಿನ ಪಕ್ಕ ಹೊಸದೊಂದು ಫೋಟೊ ಬಂತು. ಮಂಜು, ಗಿಡ, ನಡುವೆ ಕಪ್ಪು ಮುದ್ದೆ. ಕೆಳಗೆ: 'ಕೊನೆಗೂ ದರ್ಶನವಾಯಿತು. ಪೈಪು ಕಡಿಯುತ್ತಿತ್ತು.'

ರೈತ ಫೋನು ಮಾಡಿ, ಎರಡೂ ಫೋಟೊ ಮ್ಯಾಪಿನಿಂದ ತೆಗೆಸು, ಊರಲ್ಲಿ ತಲೆ ಎತ್ತುವಂತಿಲ್ಲ ಅಂದ. ಅಷ್ಟರಲ್ಲಿ ಅವನ ಹೆಂಡತಿ ಫೋನು ಕಿತ್ತುಕೊಂಡಳು. "ಈ ಸಲ ಹಣ್ಣು ಉಳ್ದಾವ್ರೀ. ಮುಖನೂ ಕಾಣಂಗಿಲ್ಲ, ಹೆಸ್ರೂ ಹಾಕಿಲ್ಲ. ಇರ್ಲಿ ಬಿಡ್ರಿ."

೪. ನ್ಯಾಮತಿಯ ಅಜ್ಜಿ

ಇದರಲ್ಲಿ ತಪ್ಪು ಪೂರ್ತಿ ನನ್ನದೇ. ನ್ಯಾಮತಿಯಲ್ಲಿ ಬಸ್ಸಿಗೆ ಕಾಯುತ್ತಾ, ಪ್ರಯಾಣ ಮಾಡುವ ಹೆಂಗಸರಿಗೆ ಅನುಕೂಲವಾಗಲಿ ಅಂತ ಅಲ್ಲಿನ ಶೌಚಾಲಯದ ಫೋಟೊ ತೆಗೆದು ಮ್ಯಾಪಿಗೆ ಹಾಕಿದೆ. ಟೀ ಕುಡಿಯುತ್ತಾ ಒಂದೇ ಬೆರಳಲ್ಲಿ ಒತ್ತಿದ್ದರಿಂದ ಪಿನ್ನು ಜಾರಿ ಎರಡು ಓಣಿ ಆಚೆ ಒಬ್ಬ ಅಜ್ಜಿಯ ಮನೆ ಮೇಲೆ ಕೂತಿತು. ತಿಂಗಳಾದ ಮೇಲೆ ಅಜ್ಜಿಯ ಸೊಸೆ ಫೋಟೊದ ಕೆಳಗೆ ನನ್ನ ಸ್ಟುಡಿಯೊ ಹೆಸರು ನೋಡಿ ಫೋನು ಮಾಡಿದಳು. ಅತ್ತೆ ನಿಮ್ಮನ್ನು ಕಣ್ಣಾರೆ ನೋಡಬೇಕಂತೆ, ಬಂದುಹೋಗಿ ಅಂದಳು.

ಹೋದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಪೊರಕೆ. ಆದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಮೊದಲ ದಿನ ಇಬ್ಬರು ಗಂಡಸರು ಮೊಬೈಲು ನೋಡುತ್ತಾ ಬಂದವರು, ಅಜ್ಜಿಯ ಮುಖವನ್ನೂ ನೋಡದೆ ನೇರ ಹಿತ್ತಲಿಗೆ ನಡೆದರಂತೆ. ಪೊರಕೆ ಹಿಡಿದು ಓಡಿಸಿದಳು. ಮರುದಿನ ಬಂದವನೊಬ್ಬ, ಮ್ಯಾಪಿನಲ್ಲಿ ಇದೇ ಇದೆ, ನೀವೇ ತಪ್ಪು ಜಾಗದಲ್ಲಿ ಮನೆ ಕಟ್ಟಿದ್ದೀರಿ ಅಂತ ವಾದಕ್ಕೆ ನಿಂತ. ಅವನಿಗೂ ಪೊರಕೆಯೇ ಉತ್ತರ ಕೊಟ್ಟಿತು.

ಮೂರನೆಯ ದಿನ ಬಂದದ್ದು ತುಂಬು ಬಸುರಿ. ಹೆರಿಗೆಗೆ ಶಿವಮೊಗ್ಗಕ್ಕೆ ಹೊರಟಿದ್ದಳು, ಜೊತೆಗೆ ತಾಯಿ. ಬಸ್ಸಿನ ಕುಲುಕಾಟಕ್ಕೆ ಸುಸ್ತಾಗಿ ಬಾಗಿಲ ಚೌಕಟ್ಟು ಹಿಡಿದು ನಿಂತವಳು, ಇಲ್ಲಿ ಶೌಚಾಲಯ ಇದೆಯಾ ಅಂತ ಅರೆದನಿಯಲ್ಲಿ ಕೇಳಿದಳಂತೆ. ಅಜ್ಜಿ ಎತ್ತಿದ ಪೊರಕೆ ಇಳಿಸಿದಳು. ಒಳಗೆ ಕರೆದೊಯ್ದಳು, ಆಮೇಲೆ ಮಲಗಿಸಿ ಮಜ್ಜಿಗೆ ಕುಡಿಸಿದಳು, ಸೊಸೆಯಿಂದ ಆಟೋ ಹಿಡಿಸಿ ಕಳಿಸಿದಳು. ಇದನ್ನು ಹೇಳುವಾಗ ಸೊಸೆ ಮೊಬೈಲು ಮುಂದೆ ಹಿಡಿದಳು. ಟವೆಲಿನಲ್ಲಿ ಸುತ್ತಿದ ಒಂದು ಮಗುವಿನ ಫೋಟೊ, 'ಅಜ್ಜಿಗೆ ತೋರಿಸಿ' ಅಂತ ಬರೆದಿತ್ತು.

ಆಮೇಲೆ ಹೆಂಗಸರು ಬರುತ್ತಲೇ ಇದ್ದರು. ಟೀಚರುಗಳು, ಸಂತೆಗೆ ಬಂದವರು, ಒಂದು ದಿನ ಬಾಸಿಂಗ ಕಟ್ಟಿಕೊಂಡ ಮದುಮಗಳೇ ಬಂದಳಂತೆ. ಅವಳು ಒಳಗಿದ್ದಷ್ಟು ಹೊತ್ತು ಅಜ್ಜಿ ಬಾಸಿಂಗ ಹಿಡಿದುಕೊಂಡು ಹೊರಗೆ ನಿಂತಿದ್ದಳು.

ನನಗೆ ಕಣ್ಣೆತ್ತಲು ಆಗಲಿಲ್ಲ. ತಪ್ಪಾಯಿತಜ್ಜಿ, ಈಗಲೇ ತೆಗೆದುಬಿಡುತ್ತೇನೆ ಅಂತ ಮೊಬೈಲು ಹೊರತೆಗೆದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ತೆಗಿಯಾಕೆ ಕರ್ಸಿಲ್ಲ ನಿನ್ನ. ಹೆಂಗಸ್ರಿಗೆ ಮಾತ್ರ ಅಂತ ಒಂದು ಸಾಲು ಸೇರ್ಸು."

ಹಾಗಾದರೆ ಗಂಡಸರು ಬಂದರೆ ಏನು ಮಾಡಬೇಕು ಅಂತ ಕೇಳಿದೆ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಸೊಸೆಯ ಕಡೆ ಒಮ್ಮೆ ನೋಡಿ ಅಜ್ಜಿ ಹೇಳಿದಳು:

"ಮುಂದಿನ ಓಣ್ಯಾಗೆ ನಮ್ಮ ಬೀಗರ ಮನೆ ಐತೆ. ಗಂಡಸ್ರಿಗೆ ಅಲ್ಲೊಂದು ಚುಚ್ಚು."